ಫ್ಲೆಕ್ಷನ್ ಪರೀಕ್ಷೆಗೆ ಸಲ್ಲದ ಮರ್ಯಾದೆ

ಕುದುರೆಯ ಕಾಲನ್ನು ಎತ್ತಿ, ಕೀಲನ್ನು ಬಿಗಿಯಾಗಿ ಮಡಿಸಿ, ಸುಮಾರು ಒಂದು ನಿಮಿಷ ಹಾಗೆಯೇ ಹಿಡಿದು, ಕಾಲು ನೆಲ ಮುಟ್ಟಿದ ಕೂಡಲೇ ಟ್ರಾಟ್ ನಡೆಯಲ್ಲಿ ಓಡಿಸಿ ನೋಡುವ ಕ್ರಮಕ್ಕೆ ಫ್ಲೆಕ್ಷನ್ ಪರೀಕ್ಷೆ ಎಂದು ಹೆಸರು. ಮಡಿಸುವ ಮೊದಲಿಗಿಂತ ಕುದುರೆ ಹೆಚ್ಚು ಕುಂಟಿದರೆ ಆ ಕೀಲಿನಲ್ಲೋ ಅದರ ಆಸುಪಾಸಿನಲ್ಲೋ ನೋವಿದೆ ಎಂಬುದು ಇದರ ಹಿಂದಿನ ತರ್ಕ. ಸವಾರಿಯ ಸಂತೋಷಕ್ಕಾಗಿ ಕುದುರೆ ಸಾಕುವವರ ನಡುವೆ ಈ ಪರೀಕ್ಷೆಗೆ ನ್ಯಾಯಾಧೀಶನ ಸ್ಥಾನವಿದೆ. ಕೊಳ್ಳುವ ಮುನ್ನ ನಡೆಯುವ ತಪಾಸಣೆಯಲ್ಲಿ ಕುದುರೆ ಇದರಲ್ಲಿ ಪಾಸಾದರೆ ಬೆಲೆ ನಿಲ್ಲುತ್ತದೆ, ಫೇಲಾದರೆ ವ್ಯಾಪಾರ ಮುರಿಯುತ್ತದೆ. ಇಷ್ಟು ದೊಡ್ಡ ಸ್ಥಾನಕ್ಕೆ ಬೇಕಾದ ಆಧಾರ ಇದಕ್ಕಿಲ್ಲ. ಅದೇ ಹೊತ್ತಿಗೆ, ದಿನವೂ ಗೊರಸು ಎತ್ತಿ ನೋಡುವ ಕೈಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಪರೀಕ್ಷೆಯ ಮೊದಲ ದೋಷ ಕಾಲಿನ ರಚನೆಯಲ್ಲೇ ಇದೆ. ಮುಂಗಾಲಿನ ಕೆಳಭಾಗವನ್ನು ಮಡಿಸಿದಾಗ ಗೊರಸಿನ ಮೇಲ್ಗಡೆಯ ಫೆಟ್‌ಲಾಕ್ ಕೀಲೊಂದೇ ಮಡಿಚಿಕೊಳ್ಳುವುದಿಲ್ಲ. ಅದರ ಕೆಳಗಿನ ಪಾಸ್ಟರ್ನ್ ಕೀಲು, ಗೊರಸಿನೊಳಗಿನ ಕಾಫಿನ್ ಕೀಲು, ಅವುಗಳ ಸುತ್ತಲಿನ ಪೊರೆ ಮತ್ತು ಸ್ನಾಯುರಜ್ಜುಗಳು ಎಲ್ಲವೂ ಒಟ್ಟಿಗೆ ಒತ್ತಡಕ್ಕೆ ಸಿಗುತ್ತವೆ. ಹಿಂಗಾಲಿನಲ್ಲಿ ತೊಡಕು ಇನ್ನೂ ಹೆಚ್ಚು. ಅಲ್ಲಿ ನಮ್ಮ ಹಿಮ್ಮಡಿಗೆ ಸಮನಾದ ಹಾಕ್ ಮತ್ತು ಮೊಣಕಾಲಿಗೆ ಸಮನಾದ ಸ್ಟೈಫಲ್ ಕೀಲುಗಳನ್ನು ಪ್ರಕೃತಿಯೇ ಒಂದಕ್ಕೊಂದು ಕಟ್ಟಿಹಾಕಿದೆ. ಒಂದು ಮಡಿಚಿದರೆ ಇನ್ನೊಂದೂ ಮಡಿಚಲೇಬೇಕು, ಜೊತೆಗೆ ಸೊಂಟದ ಕೀಲೂ ಬಾಗುತ್ತದೆ. ಹಾಕ್ ಕೀಲಿನ ಸವೆತವನ್ನು ಹಿಡಿಯಲೆಂದೇ ಹುಟ್ಟಿದ ಹಳೆಯ ಸ್ಪ್ಯಾವಿನ್ ಪರೀಕ್ಷೆ ಹಾಕ್ ಒಂದನ್ನೇ ಪರೀಕ್ಷಿಸಿದ್ದು ಎಂದೂ ಇಲ್ಲ. ಆದರೂ ವರದಿಯಲ್ಲಿ ಬರೆದುಕೊಳ್ಳುವಾಗ ಒಂದೇ ಕೀಲಿನ ಹೆಸರು ಬೀಳುತ್ತದೆ.

ಎರಡನೆಯ ದೋಷ ಹಿಡಿಯುವವರ ಕೈಬಲ. ಎಷ್ಟು ಬಿಗಿ, ಎಷ್ಟು ಹೊತ್ತು ಎಂಬ ಎರಡು ಪ್ರಶ್ನೆಗಳಿಗೆ ಎಲ್ಲರೂ ಪಾಲಿಸುವ ಉತ್ತರವಿಲ್ಲ. ಒಬ್ಬರು 30 ಸೆಕೆಂಡ್ ಹಿಡಿದರೆ ಇನ್ನೊಬ್ಬರು 90 ಸೆಕೆಂಡ್ ಹಿಡಿಯುತ್ತಾರೆ. ಒತ್ತಡ ಮತ್ತು ಅವಧಿ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎಂಬುದನ್ನು 1997ರಷ್ಟು ಹಿಂದೆಯೇ ನೆದರ್ಲೆಂಡ್ಸಿನ ಸಂಶೋಧಕರು ಅಳೆದು ತೋರಿಸಿದ್ದರು. ಅದೇ ವರ್ಷ ಅಮೆರಿಕದ ವೈದ್ಯ ಡೇವಿಡ್ ರೇಮಿ ಇನ್ನೂ ಕಟುವಾದ ಸಂಗತಿಯನ್ನು ಮುಂದಿಟ್ಟರು. ಸಾಧಾರಣ ಬಲದಿಂದ ಮಡಿಸಿದಾಗ ಕುಂಟದೆ ಓಡಿದ ಕುದುರೆಗಳಲ್ಲಿ ಬಹುಪಾಲು, ಹೆಚ್ಚು ಬಿಗಿಯಾಗಿ ಮಡಿಸಿದಾಗ ಕುಂಟಿದವು. ಎಕ್ಸ್-ರೇಯಲ್ಲಿ ಕಂಡದ್ದಕ್ಕೂ ಪರೀಕ್ಷೆಯ ಫಲಕ್ಕೂ ತಾಳೆಯಾಗಲಿಲ್ಲ. ಮುಂದೆ ಯಾವ ಕುದುರೆ ಕುಂಟೀತು ಎಂಬುದನ್ನೂ ಪರೀಕ್ಷೆ ಹೇಳಲಿಲ್ಲ. ಕೊಳ್ಳುವವರು ತಿಳಿಯಬಯಸುವುದು ಈ ಕೊನೆಯದನ್ನೇ ಎಂಬುದನ್ನು ನೆನೆದರೆ ಪರೀಕ್ಷೆಯ ಅಧಿಕಾರ ಎಷ್ಟು ಟೊಳ್ಳು ಎಂಬುದು ಗೊತ್ತಾಗುತ್ತದೆ. 2001ರಲ್ಲಿ ಬುಷರ್ಸ್ ಮತ್ತು ವಾನ್ ವೀರೆನ್ ಆರೋಗ್ಯವಂತ ಕುದುರೆಗಳ ಮೇಲೆಯೇ ನಡೆಸಿದ ಅಧ್ಯಯನದಲ್ಲಿ ವಯಸ್ಸಾದಂತೆ ಪರೀಕ್ಷೆಗೆ ಪ್ರತಿಕ್ರಿಯೆ ಹೆಚ್ಚುವುದು ಕಂಡಿತು. ಹೊಸ ಸವಾರರಿಗೆ ಹೇಳಿ ಮಾಡಿಸಿದ್ದು ನಡುವಯಸ್ಸಿನ ಶಾಂತ ಕುದುರೆ. ಪರೀಕ್ಷೆ ಮೊದಲು ದೂರ ತಳ್ಳುವುದು ಅದನ್ನೇ.

ಮೂರನೆಯದು ನೋಡುವ ಕಣ್ಣು. ಕಾಲು ಬಿಟ್ಟ ಮೇಲೆ ಮೊದಲ ಕೆಲವು ಹೆಜ್ಜೆಗಳಲ್ಲಿ ಕುಂಟು ಕಂಡು ಮಾಯವಾದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಬೇಡವೇ ಎಂಬಲ್ಲಿಯೇ ಭಿನ್ನಾಭಿಪ್ರಾಯವಿದೆ. ಸೂಕ್ಷ್ಮ ಕುಂಟಿನ ವಿಷಯದಲ್ಲಿ ನುರಿತ ಕಣ್ಣುಗಳೂ ಒಪ್ಪುವುದಿಲ್ಲ. ಕೀಗನ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅನುಭವಿ ವೈದ್ಯರು 131 ಕುದುರೆಗಳನ್ನು ನೋಡಿದರು. ಅಮೆರಿಕದ ಕುದುರೆ ವೈದ್ಯರ ಸಂಘದ 0ಯಿಂದ 5ರ ಮಾಪಕದಲ್ಲಿ ಸರಾಸರಿ 1.5ಕ್ಕಿಂತ ಹೆಚ್ಚು ಕುಂಟಿದ್ದಲ್ಲಿ ಕಾಲು ಕುಂಟುತ್ತಿದೆಯೇ ಇಲ್ಲವೇ ಎಂಬುದರಲ್ಲಿ ಶೇ. 93.1ರಷ್ಟು ಸಹಮತವಿತ್ತು, ಅದಕ್ಕಿಂತ ಕಡಿಮೆ ಇದ್ದಲ್ಲಿ ಸಹಮತ ಶೇ. 61.9ಕ್ಕೆ ಕುಸಿಯಿತು. ಫ್ಲೆಕ್ಷನ್ ಪರೀಕ್ಷೆ ಬೇಕಾಗುವುದು ಕುಂಟು ಸ್ಪಷ್ಟವಾಗಿ ಕಾಣದ ಕುದುರೆಗೆ. ಕಣ್ಣು ಅತ್ಯಂತ ಅವಿಶ್ವಾಸಾರ್ಹವಾಗುವುದೂ ಅಲ್ಲಿಯೇ. ಇದರ ಮೇಲೆ ನಿರೀಕ್ಷೆಯ ಪ್ರಭಾವ ಬೇರೆ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟಿದೆ ಎಂದು ಗೊತ್ತಿದ್ದವರಿಗೆ ಕುದುರೆ ಹೆಚ್ಚು ಸುಧಾರಿಸಿದಂತೆ ಕಾಣುತ್ತದೆ ಎಂಬುದನ್ನು 2006ರಲ್ಲಿ ಆರ್ಕೆಲ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಕಾಲನ್ನು ತಾವೇ ಒಂದು ನಿಮಿಷ ಬಿಗಿಹಿಡಿದು ಬಿಟ್ಟವರು ಅದೇ ಕಾಲಿನ ಕುಂಟನ್ನು ನಿರ್ಲಿಪ್ತವಾಗಿ ನೋಡಬಲ್ಲರು ಎಂದು ನಂಬುವುದು ಕಷ್ಟ.

ಪರೀಕ್ಷೆಗೆ ಉಪಯೋಗವೇ ಇಲ್ಲವೆಂದಲ್ಲ. ಒಬ್ಬರೇ ವೈದ್ಯರು ಒಂದೇ ಬಲದಿಂದ ಎಡ ಬಲ ಎರಡೂ ಕಾಲುಗಳನ್ನು ಮಡಿಸಿ, ಒಂದು ಕಾಲಿನಲ್ಲಿ ಮಾತ್ರ ಎದ್ದುಕಾಣುವ ಕುಂಟು ಬಂದು ಹಲವು ಹೆಜ್ಜೆ ಉಳಿದರೆ, ಮುಂದೆ ಎಲ್ಲಿ ಹುಡುಕಬೇಕೆಂಬ ಸುಳಿವು ಸಿಗುತ್ತದೆ. ಅದು ಸುಳಿವು ಮಾತ್ರ.

ಕರ್ನಾಟಕದ ಸಂದರ್ಭದಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಬೆಂಗಳೂರು ಮೈಸೂರುಗಳ ಸವಾರಿ ಶಾಲೆಗಳಲ್ಲಿರುವ ಅನೇಕ ಕುದುರೆಗಳು ರೇಸಿನಿಂದ ನಿವೃತ್ತವಾದ ಥರೋಬ್ರೆಡ್‌ಗಳು. ಎಳೆಯ ವಯಸ್ಸಿನಲ್ಲೇ ವೇಗದ ಓಟಕ್ಕೆ ಬಿದ್ದ ಅವುಗಳ ಫೆಟ್‌ಲಾಕ್‌ಗಳಲ್ಲಿ ಹಳೆಯ ಗುರುತುಗಳಿರುವುದು ಸಹಜ, ಮಡಿಸಿದರೆ ಒಂದೆರಡು ಹೆಜ್ಜೆ ಬಿಗಿಯುವುದೂ ಸಹಜ. ವಾರಕ್ಕೆ ಕೆಲವು ತಾಸು ನಿಧಾನದ ಸವಾರಿಗೆ ಅವುಗಳಲ್ಲಿ ಎಷ್ಟೋ ಕುದುರೆಗಳು ವರ್ಷಗಟ್ಟಲೆ ಒದಗಬಲ್ಲವು. ಮಡಿಸಿ ಓಡಿಸಿ ಅವುಗಳನ್ನು ತಿರಸ್ಕರಿಸಿದರೆ ಆ ಕುದುರೆಗಳಿಗೆ ಎರಡನೆಯ ಬದುಕಿನ ಬಾಗಿಲು ಮುಚ್ಚಿದಂತೆಯೇ.

ಫ್ಲೆಕ್ಷನ್ ಪರೀಕ್ಷೆಯನ್ನು ಟೀಕಿಸುವವರಲ್ಲಿ ಒಂದು ಪಂಗಡ ಅದರ ಜಾಗಕ್ಕೆ ಯಂತ್ರವನ್ನು ತರಲು ಹೊರಟಿದೆ. ಈ ಪಂಗಡದ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ನಡೆಯ ಎಡ-ಬಲ ಅಸಮತೆ ಶೇ. 25ಕ್ಕಿಂತ ಕಡಿಮೆಯಿದ್ದರೆ ಮನುಷ್ಯರ ಕಣ್ಣಿಗೆ ಅದು ನಿಲುಕುವುದು ಕಷ್ಟ ಎಂದು 2009ರಲ್ಲಿ ಪಾರ್ಕ್ಸ್ ಮತ್ತು ಸಂಗಡಿಗರು ತೋರಿಸಿದರು. ಕುದುರೆಯ ತಲೆಗೂ ಸೊಂಟಕ್ಕೂ ಕಟ್ಟುವ ಸಂವೇದಕಗಳು ತಲೆಯ ಚಲನೆಯಲ್ಲಿ 6 ಮಿಲಿಮೀಟರ್, ಸೊಂಟದಲ್ಲಿ 3 ಮಿಲಿಮೀಟರ್ ವ್ಯತ್ಯಾಸವನ್ನೇ ಗಡಿಯಾಗಿ ಇಟ್ಟುಕೊಳ್ಳುತ್ತವೆ. ಆದರೆ ಆ ಗಡಿಯನ್ನೇ ಕುಂಟಿನ ಗಡಿಯೆಂದು ಒಪ್ಪಿದರೆ ಏನಾಗುತ್ತದೆ? 2017ರಲ್ಲಿ ರೋದಿನ್ ಮತ್ತು ಸಂಗಡಿಗರು ಯಜಮಾನರು ಸರಿಯಾಗಿವೆ ಎಂದು ನಂಬಿದ್ದ 222 ಸವಾರಿ ಕುದುರೆಗಳನ್ನು ಅಳೆದಾಗ 161 ಕುದುರೆಗಳು ಗಡಿ ದಾಟಿದ್ದವು. ಇವೆಲ್ಲ ಕುಂಟು ಕುದುರೆಗಳೇ? ಅದೇ ವರ್ಷ ವಾನ್ ವೀರೆನ್ ಮತ್ತು ಸಹಲೇಖಕರು, ಅಳತೆಯ ಈ ಯುಗದಲ್ಲಿ ಕುಂಟಿಗೆ ಹೊಸ ವ್ಯಾಖ್ಯೆ ಬೇಕೇ ಎಂಬ ಪ್ರಶ್ನೆಯನ್ನೇ ಲೇಖನದ ತಲೆಬರಹವಾಗಿಸಿದರು. ಮರುವರ್ಷ ಬೇತ್, ಜೂಡಿ ಮತ್ತು ಡೈಸನ್ ಪತ್ರ ಬರೆದು ಆ ಲೇಖನವನ್ನು ಬಲವಾಗಿ ವಿರೋಧಿಸಿದರು.

ಈ ಜಗಳದಲ್ಲಿ ನ್ಯಾಯ ವಿರೋಧಿಸಿದವರ ಕಡೆಗಿದೆ. ಅಸಮತೆ ಒಂದು ಅಳತೆ. ಕುಂಟು ಒಂದು ನಿರ್ಣಯ. 2019ರಲ್ಲಿ ಪೆರ್ಸನ್-ಶೋದಿನ್ ಮತ್ತು ಸಂಗಡಿಗರು ಇಂಥ ಅಸಮ ನಡೆಯ 66 ಕುದುರೆಗಳಿಗೆ ಮೆಲೋಕ್ಸಿಕ್ಯಾಮ್ ಎಂಬ ನೋವುಶಾಮಕ ಕೊಟ್ಟು ನೋಡಿದಾಗ ಅಸಮತೆ ಇಳಿಯಲಿಲ್ಲ. ಎಲ್ಲ ನೋವೂ ಆ ಔಷಧಕ್ಕೆ ಬಗ್ಗುವುದಿಲ್ಲವಾದ್ದರಿಂದ ಅಷ್ಟರಿಂದಲೇ ನೋವಿಲ್ಲ ಎನ್ನಲಾಗದು. ಆದರೂ ಮಿಲಿಮೀಟರನ್ನೇ ನೋವೆಂದು ಓದುವವರು ಕೊಡಬೇಕಾದ ಪುರಾವೆ ಇನ್ನೂ ಬಾಕಿಯಿದೆ. ಇನ್ನು, ಎರಡೂ ಮುಂಗಾಲುಗಳಲ್ಲಿ ಸಮನಾಗಿ ನೋವಿದ್ದರೆ ನಡೆಯಲ್ಲಿ ಅಸಮತೆಯೇ ಇರುವುದಿಲ್ಲ; ಹೆಜ್ಜೆ ಗಿಡ್ಡವಾಗುತ್ತದೆ, ಅಷ್ಟೇ. ಯಂತ್ರದ ಕಣ್ಣಿಗೆ ಅದು ಸುಲಭವಾಗಿ ತಪ್ಪಿಹೋಗುತ್ತದೆ. ಹಾಗೆಂದು ಕಣ್ಣಿನ ಪಕ್ಷದವರ ಆತ್ಮವಿಶ್ವಾಸವನ್ನೂ ಪೂರ್ತಿ ಒಪ್ಪುವಂತಿಲ್ಲ. ಆ ಪಕ್ಷದ ಡೈಸನ್ ಅವರೇ ಗ್ರೀವ್ ಜೊತೆಗೂಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಯಾಗಿವೆ ಎಂದು ಸವಾರಿಯಲ್ಲಿದ್ದ 506 ಕುದುರೆಗಳಲ್ಲಿ ಅರ್ಧಕ್ಕೆ ಸಮೀಪದಷ್ಟು ಕುಂಟುತ್ತಿದ್ದವು. ನೋವನ್ನು ಸವಾರಿಯಲ್ಲಿ ಗುರುತಿಸಲು 24 ವರ್ತನೆಗಳ ಪಟ್ಟಿಯನ್ನು 2018ರಲ್ಲಿ ಮುಂದಿಟ್ಟವರೂ ಡೈಸನ್ ಬಳಗದವರೇ: ಕಿವಿ ಹಿಂದಕ್ಕೆ ಒತ್ತುವುದು, ಬಾಲ ಬೀಸುವುದು, ಬಾಯಿ ತೆರೆಯುವುದು ಮುಂತಾದವುಗಳಲ್ಲಿ 8 ಅಥವಾ ಹೆಚ್ಚು ಕಂಡರೆ ಎಲುಬು ಸ್ನಾಯುಗಳ ನೋವಿರುವ ಸಂಭವ ಹೆಚ್ಚು. ಮಡಿಸುವುದಕ್ಕಿಂತಲೂ ಅಳೆಯುವುದಕ್ಕಿಂತಲೂ ಈ ಪಟ್ಟಿ ಸಾಕುವವರಿಗೆ ಹತ್ತಿರವಾದದ್ದು, ಏಕೆಂದರೆ ಇದನ್ನು ಬಳಸಲು ಕುದುರೆಯ ಜೊತೆ ಇರುವುದೊಂದೇ ಸಾಕು. ಕುದುರೆಯನ್ನು ವರ್ಷವಿಡೀ ಕಾಣುವವರು ಯಜಮಾನರು, ಸೈಸ್ ಮತ್ತು ಲಾಳ ಹೊಡೆಯುವವರು. ಎರಡೂ ಪಕ್ಷಗಳು ವಾದಿಸುತ್ತಿರುವುದು ವೈದ್ಯರ ಒಂದು ಭೇಟಿಯ ಬಗ್ಗೆ.

ದಿನದ ಆರೈಕೆಯಲ್ಲಿ ಕುಂಟಿನ ಹುಡುಕಾಟ ಗೊರಸಿನಿಂದ ಆರಂಭವಾಗಬೇಕು, ಏಕೆಂದರೆ ಮುಂಗಾಲಿನ ಕುಂಟುಗಳಲ್ಲಿ ಹೆಚ್ಚಿನವುಗಳ ಮೂಲ ಗೊರಸಿನಲ್ಲೇ ಇರುತ್ತದೆ. ನಾಲ್ಕೂ ಗೊರಸುಗಳನ್ನು ಕೆರೆದು ಶುಚಿ ಮಾಡುವಾಗ ಗೋಡೆಯ ಬಿಸಿಯನ್ನು ಅಂಗೈಯಿಂದ ಹೋಲಿಸಬೇಕು. ಫೆಟ್‌ಲಾಕ್ ಹಿಂಬದಿಯ ಎರಡೂ ಪಕ್ಕಗಳಲ್ಲಿ ಗೊರಸಿಗಿಳಿಯುವ ರಕ್ತನಾಳದ ನಾಡಿ ಸಿಗುತ್ತದೆ. ಆರೋಗ್ಯವಿದ್ದಾಗ ಅದು ಹುಡುಕಿದರೂ ಸಿಕ್ಕೀತು ಸಿಗದಿರೀತು ಎಂಬಷ್ಟು ಮೆಲ್ಲಗಿರುತ್ತದೆ. ಬೆರಳಿಗೆ ಬಡಿಯುವಂತಿದ್ದರೆ ಒಳಗೆ ಉರಿಯೂತವಿದೆ. ಈ ವ್ಯತ್ಯಾಸ ಗೊತ್ತಾಗುವುದು ಆರೋಗ್ಯದ ದಿನಗಳಲ್ಲೂ ಮುಟ್ಟಿ ನೋಡಿದ ಬೆರಳಿಗೆ ಮಾತ್ರ. ಮಳೆಗಾಲದ ಒದ್ದೆ ಲಾಯದಲ್ಲಿ ಗೊರಸಿನ ತಳದ ಮೆತ್ತನೆಯ ತ್ರಿಕೋನ ಭಾಗ ಕೊಳೆತು ಕಪ್ಪಗೆ ನಾರತೊಡಗುತ್ತದೆ. ಔಷಧಕ್ಕಿಂತ ಮೊದಲು ಅಲ್ಲಿ ಒಣ ಹಾಸು ಬೇಕು. ಗೊರಸು ಕತ್ತರಿಸಿ ಲಾಳ ಬದಲಿಸುವುದು 6ರಿಂದ 8 ವಾರಕ್ಕೊಮ್ಮೆ ಆಗಲೇಬೇಕು.

ನಡೆಯನ್ನು ನೋಡಲು ಗಟ್ಟಿ ಸಮತಟ್ಟು ನೆಲದ ಮೇಲೆ ಸಡಿಲ ಹಗ್ಗದಲ್ಲಿ ನೇರವಾಗಿ ಓಡಿಸಬೇಕು. ನೋವಿರುವ ಮುಂಗಾಲು ನೆಲಕ್ಕೆ ಬಿದ್ದಾಗ ತಲೆ ಮೇಲೇಳುತ್ತದೆ, ಸರಿಯಿರುವ ಕಾಲು ಬಿದ್ದಾಗ ಇಳಿಯುತ್ತದೆ. ಇಲ್ಲೊಂದು ಮೋಸವಿದೆ. ಎಡ ಹಿಂಗಾಲು ನೋಯುವ ಕುದುರೆಯೂ ಆ ಕಾಲು ನೆಲಕ್ಕೂರಿದಾಗ ಭಾರವನ್ನು ಮುಂದಕ್ಕೆ ದೂಡಲು ತಲೆ ತಗ್ಗಿಸುತ್ತದೆ. ಟ್ರಾಟ್‌ನಲ್ಲಿ ಅದೇ ಕ್ಷಣ ನೆಲದಲ್ಲಿರುವುದು ಬಲ ಮುಂಗಾಲು. ಹಾಗಾಗಿ ಎಡ ಮುಂಗಾಲೇ ಕುಂಟುತ್ತಿರುವಂತೆ ಕಾಣುತ್ತದೆ. ತಲೆಯನ್ನು ಮಾತ್ರ ನೋಡಿ ತೀರ್ಮಾನಿಸದೆ ಹಿಂದಿನಿಂದ ಸೊಂಟದ ಏರಿಳಿತವನ್ನೂ ನೋಡಬೇಕು.

ನಿನ್ನೆ ಸರಿಯಿದ್ದ ಕುದುರೆ ಇಂದು ಕಾಲೂರಲಾರದೆ ನಿಂತಿದ್ದರೆ ಗೊರಸಿನೊಳಗಿನ ಕೀವಿನ ಸಾಧ್ಯತೆ ಮೊದಲು ಮನಸ್ಸಿಗೆ ಬರಬೇಕು, ಮೂಳೆ ಮುರಿತ ಇರಬಹುದೆಂಬ ಎಚ್ಚರವನ್ನೂ ಬಿಡಬಾರದು. ವೈದ್ಯರು ಇಕ್ಕಳದಿಂದ ಒತ್ತಿ ಜಾಗ ಹಿಡಿದು ಕೀವಿಗೆ ದಾರಿ ಮಾಡಿದರೆ ನೋವು ಬೇಗ ಇಳಿಯುತ್ತದೆ. ತಳಕ್ಕೆ ಮೊಳೆ ಚುಚ್ಚಿದ್ದರೆ ಕೂಡಲೇ ಕಿತ್ತೆಸೆಯಬಾರದು. ಅದು ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿದೆ ಎಂಬುದು ಎಕ್ಸ್-ರೇಯಲ್ಲಿ ಕಾಣಬೇಕು. ಗೊರಸಿನೊಳಗಿನ ನ್ಯಾವಿಕ್ಯುಲರ್ ಎಲುಬಿನ ಬಳಿಯ ಚೀಲಕ್ಕೆ ತಗುಲಿದ್ದರೆ ಜೀವಕ್ಕೇ ಅಪಾಯ. ಧನುರ್ವಾಯು ಕುದುರೆಗಳಿಗೆ ಬಹುಬೇಗ ತಗುಲುವುದರಿಂದ ಅದರ ಲಸಿಕೆ ತಪ್ಪಬಾರದು.

ಲ್ಯಾಮಿನೈಟಿಸ್ ಬಗ್ಗೆ ಫ್ಲೆಕ್ಷನ್ ಪರೀಕ್ಷೆ ಹೇಳುವುದು ಏನೂ ಇಲ್ಲ, ಆದರೆ ಖುಷಿಗಾಗಿ ಸಾಕಿದ, ಕೆಲಸ ಕಡಿಮೆ ಮೇವು ಹೆಚ್ಚಾದ ಕುದುರೆಗೆ ಇದರಷ್ಟು ಭಯಾನಕ ಕಾಲು ರೋಗ ಇನ್ನೊಂದಿಲ್ಲ. ಗೊರಸಿನ ಗೋಡೆಯನ್ನು ಒಳಗಿನ ಎಲುಬಿಗೆ ಹಿಡಿದಿಟ್ಟಿರುವ ಪದರಗಳು ಸಡಿಲಗೊಳ್ಳುತ್ತವೆ. ಕುದುರೆ ಹಿಮ್ಮಡಿಯ ಮೇಲೆ ಭಾರ ಹಾಕಿ ಹಿಂದಕ್ಕೆ ವಾಲಿ ನಿಲ್ಲುತ್ತದೆ, ತಿರುಗಲು ಅಂಜುತ್ತದೆ. ಹೆಚ್ಚಿನ ಇನ್ಸುಲಿನ್ ಒಂದರಿಂದಲೇ ಆರೋಗ್ಯವಂತ ಪೋನಿಗಳಲ್ಲಿ ಈ ರೋಗ ಬರುತ್ತದೆ ಎಂದು ಆಸ್ಟ್ರೇಲಿಯಾದ ಸಂಶೋಧಕರು 2007ರಲ್ಲಿ ತೋರಿಸಿದ ಮೇಲೆ ಬೊಜ್ಜನ್ನು ಅಂದದ ಲಕ್ಷಣವೆಂದು ಕಾಣುವುದಕ್ಕೆ ಯಾವ ನೆಪವೂ ಉಳಿದಿಲ್ಲ. ಹೆನೆಕೆ 1983ರಲ್ಲಿ ರೂಪಿಸಿದ 1ರಿಂದ 9ರ ಮೈಕಟ್ಟಿನ ಮಾಪಕದಲ್ಲಿ 5ರ ಆಸುಪಾಸು ಇರುವಂತೆ, ಪಕ್ಕೆಲುಬು ಕಣ್ಣಿಗೆ ಕಾಣದೆ ಕೈಗೆ ಸಿಗುವಂತೆ ಮೈಯನ್ನು ಕಾಯಬೇಕು. ರೋಗದ ಲಕ್ಷಣ ಕಂಡ ಗಳಿಗೆಯಲ್ಲೇ ಗೊರಸುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಇಳಿಸಿಟ್ಟು ವೈದ್ಯರನ್ನು ಕರೆಯಬೇಕು.

ಫಿನೈಲ್‌ಬ್ಯುಟಜೋನ್ ಎಂಬ ನೋವುಶಾಮಕದ ಪುಡಿಯನ್ನು ಮೇವಿಗೆ ಬೆರೆಸಿ ಕುಂಟು ಹೋಯಿತೆನ್ನುವ ಅಭ್ಯಾಸ ಫ್ಲೆಕ್ಷನ್ ಪರೀಕ್ಷೆಗಿಂತ ಹೆಚ್ಚು ಹಾನಿಕರ. ಅದು ರೋಗ ಪತ್ತೆಗೆ ಬೇಕಾದ ಕುಂಟನ್ನೇ ಮರೆಮಾಡುತ್ತದೆ. ಹೆಚ್ಚು ದಿನ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ದೊಡ್ಡ ಕರುಳು ಕೆಡುತ್ತದೆ. ಕೊಳ್ಳುವವರು ಭಯಪಡಬೇಕಾದದ್ದೂ ಇದಕ್ಕೇ. ಕುದುರೆಯನ್ನು ಬೇರೆಬೇರೆ ದಿನಗಳಲ್ಲಿ ಎರಡು ಸಲ, ಒಮ್ಮೆಯಾದರೂ ಲಾಯದಿಂದ ಹೊರತಂದ ತಕ್ಷಣ, ಮೈ ಬಿಸಿಯಾಗುವ ಮುಂಚೆ ನೋಡಬೇಕು. ಗಟ್ಟಿ ನೆಲದಲ್ಲಿ ನೇರವಾಗಿ, ಮೆತ್ತನೆಯ ನೆಲದಲ್ಲಿ ಸುತ್ತು ಹಾಕಿಸಿ, ಕೊನೆಗೆ ಸವಾರರನ್ನು ಹತ್ತಿಸಿ. ಲಾಳ ಬದಲಿಸಿದ ದಿನಾಂಕ, ಲಸಿಕೆ, ಹಿಂದೆ ಕುಂಟಿದ ಕಾಲು ಇವುಗಳ ದಾಖಲೆ ಕೇಳಬೇಕು. ತಪಾಸಣೆಯ ದಿನವೇ ರಕ್ತದ ಮಾದರಿ ತೆಗೆಸಿ ಇಟ್ಟರೆ, ಮುಂದೆ ಅನುಮಾನ ಬಂದಾಗ ಅಂದು ನೋವುಶಾಮಕ ಕೊಟ್ಟಿದ್ದರೇ ಎಂಬುದನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬಹುದು.