ಕಣ್ಮರೆಯಾದವರು ಕಾರು ಓಡಿಸುತ್ತಿದ್ದರು

ಸಿನಿಮಾ ನೋಡಿ ಬಂದರೆ ವಿಮರ್ಶೆ ಬರೀತೀವಿ. ಮಸಾಲೆ ದೋಸೆ ತಿಂದರೂ ಐದರಲ್ಲಿ ಎಷ್ಟು ನಕ್ಷತ್ರ ಅಂತ ಒತ್ತಿ ಬರ್ತೀವಿ. ಆದರೆ ದುಡ್ಡು ಕೊಟ್ಟು ಇಡೀ ದಿನ ಕೇಳಿಸಿಕೊಳ್ಳುವ ಗೈಡ್ ಕಥೆಯನ್ನು ಮಾತ್ರ ಯಾರೂ ಒಂದು ಕೃತಿ ಎಂದು ನೋಡುವುದಿಲ್ಲ. 'ಗೈಡ್ ತುಂಬಾ ಒಳ್ಳೆಯವರು, ಟೈಮಿಗೆ ಸರಿಯಾಗಿ ಬಂದರು, ಎಸಿ ಚೆನ್ನಾಗಿತ್ತು' ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಅವರು ಹೇಳಿದ್ದೇನು, ಬಿಟ್ಟಿದ್ದೇನು, ಯಾಕೆ ಬಿಟ್ಟರು? ಈ ಬರಹ ಅದರ ಬಗ್ಗೆ.

ಡಲ್ಲಾಸಿನಲ್ಲಿರುವ ತಂಗಿಯ ಮನೆಗೆ ಹೋದವಳು, ಅವಳ ಜೊತೆ ನಾಲ್ಕು ದಿನ ಮೆಕ್ಸಿಕೋದ ಕಾನ್‌ಕುನ್‌ಗೆ ಹೋಗಿದ್ದೆ. 1970ರ ದಶಕದಲ್ಲಿ ಸರ್ಕಾರವೇ ಪ್ಲಾನ್ ಹಾಕಿ ಕಟ್ಟಿದ ಪ್ರವಾಸಿ ಊರು ಅದು. ಬೀಚು, ರೆಸಾರ್ಟು, ಮತ್ತೆ ಬೀಚು. ಅಲ್ಲಿಂದ ಸುಮಾರು 200 ಕಿಲೋಮೀಟರ್ ಒಳಗೆ ಹೋದರೆ ಚಿಚೆನ್ ಇಟ್ಸಾ, ಫೋಟೋಗಳಲ್ಲಿ ಎಲ್ಲರೂ ನೋಡಿರುವ ಆ ಮೆಟ್ಟಿಲು ಪಿರಮಿಡ್ಡಿನ ಮಾಯಾ ನಗರ. 'ಅಕ್ಕಾ, ಬಸ್ಸಲ್ಲಿ ಹೋದ್ರೆ ಶಾಪಿಂಗ್ ಅಂಗಡಿ ಮುಂದೇನೇ ಒಂದು ಗಂಟೆ ನಿಲ್ಲಿಸ್ತಾರಂತೆ. ಪ್ರೈವೇಟ್ ತಗೊಳ್ಳೋಣ, ನಮಗೆ ಬೇಕಾದ ಹಾಗೆ ನೋಡಬಹುದು' ಅಂದಳು ತಂಗಿ. ಬಸ್ ಟಿಕೆಟ್ಟಿನ ಹಲವು ಪಟ್ಟು ದುಡ್ಡು. ಆದರೂ 'ನಮಗೆ ಬೇಕಾದ ಹಾಗೆ' ಎಂಬ ಮಾತಿಗೆ ಬಿದ್ದೆ.

ಬೆಳಗ್ಗೆ ಕತ್ತಲಿರುವಾಗಲೇ ಕಾರು ಬಂತು. ಗೈಡೇ ಡ್ರೈವರ್. ಐವತ್ತರ ಆಸುಪಾಸಿನ, ಇಸ್ತ್ರಿ ಮಾಡಿದ ಬಿಳಿ ಅಂಗಿಯ, ಮೆತ್ತಗೆ ಮಾತಾಡುವ ಮನುಷ್ಯ. ಕಾಡಿನ ನಡುವೆ ಗೆರೆ ಎಳೆದಂಥ ನೇರ ಹೈವೇ. ಯುಕಾತಾನ್ ರಾಜ್ಯದ ಗಡಿ ದಾಟಿದಾಗ ಫೋನಿನ ಗಡಿಯಾರ ತಾನಾಗಿಯೇ ಒಂದು ಗಂಟೆ ಹಿಂದೆ ಸರಿಯಿತು. 'ನಿಮಗೆ ಒಂದು ಗಂಟೆ ಫ್ರೀ' ಎಂದು ಅವರು ನಕ್ಕರು. ದಿನಾ ಹೇಳುವ ಜೋಕು ಅಂತ ಗೊತ್ತಾದರೂ ನಾವೂ ನಕ್ಕೆವು. ಸ್ವಲ್ಪ ಹೊತ್ತಿಗೆ ಅವರಿಗೊಂದು ಫೋನ್ ಬಂತು. ಸ್ಪೀಕರಿನಲ್ಲಿ ವಯಸ್ಸಾದ ಹೆಂಗಸಿನ ದನಿ. ಕೆಲವು ಅಕ್ಷರಗಳು ಗಂಟಲಲ್ಲೇ ಪಟ್ ಎಂದು ಒಡೆಯುವಂಥ ಭಾಷೆ. ಕಾಲೇಜಿನಲ್ಲಿ ಒಂದಿಷ್ಟು ಸ್ಪ್ಯಾನಿಷ್ ಕಲಿತಿದ್ದ ತಂಗಿ, 'ಇದು ಸ್ಪ್ಯಾನಿಷ್ ಅಲ್ಲ ಅಕ್ಕ' ಎಂದು ಪಿಸುಗುಟ್ಟಿದಳು. ಮತ್ತೆ ಯಾವುದು ಅಂತ ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಎಂಟು ಗಂಟೆಗೆ ಗೇಟು ತೆರೆಯುತ್ತದೆ. ಎರಡು ಟಿಕೆಟ್, ಒಂದು ಕೇಂದ್ರ ಸರ್ಕಾರದ್ದು, ಒಂದು ರಾಜ್ಯದ್ದು. ಒಳಗೆ ಹೋದರೆ ಮರಗಳ ಸಂದಿಯಿಂದ ಥಟ್ಟನೆ ಎದುರಾಗುವ ಎಲ್ ಕಾಸ್ತಿಯೋ. 30 ಮೀಟರ್ ಎತ್ತರ ಅಂದರೆ ಈಗಿನ ಅಪಾರ್ಟ್‌ಮೆಂಟುಗಳ ಮುಂದೆ ಏನೂ ಅಲ್ಲ. ಆದರೂ ಸಪಾಟಾದ ಹುಲ್ಲಿನ ಮೇಲೆ ಒಂಟಿಯಾಗಿ ನಿಂತ ಅದನ್ನು ನೋಡಿ ಇಬ್ಬರೂ ಒಂದು ನಿಮಿಷ ಫೋನ್ ತೆಗೆಯಲಿಲ್ಲ. ಆಮೇಲೆ ಕಥೆ ಶುರುವಾಯಿತು.

ಆ ಕಥೆಯಲ್ಲಿ ನಾಲ್ಕು ಸೀನುಗಳಿವೆ. ಆಚೀಚೆ ನಿಂತಿದ್ದ ಬಸ್ ಗುಂಪುಗಳ ಗೈಡುಗಳೂ ಅದೇ ನಾಲ್ಕನ್ನು ಬೇರೆ ಬೇರೆ ಭಾಷೆಯಲ್ಲಿ ಆಡಿಸುತ್ತಿದ್ದರು. ಪ್ರೈವೇಟ್ ಆಗಿದ್ದು ಕಾರು ಮಾತ್ರ. ಕಥೆ ಎಲ್ಲರಿಗೂ ಒಂದೇ.

ಮೊದಲನೆಯದು ಚಪ್ಪಾಳೆ. ಮೆಟ್ಟಿಲುಗಳ ಮುಂದೆ ನಿಂತು ತಟ್ಟಿದರೆ ಹಕ್ಕಿಯ ಚಿಲಿಪಿಲಿಯಂಥ ಪ್ರತಿಧ್ವನಿ ಬರುತ್ತದೆ. ಮಾಯಾ ಜನರಿಗೆ ಪವಿತ್ರವಾದ ಕೆಟ್ಸಾಲ್ ಹಕ್ಕಿಯ ಕೂಗು ಇದು ಅಂತಾರೆ. ಸದ್ದು ಒಂದೊಂದು ಮೆಟ್ಟಿಲಿಗೂ ತಾಗಿ ಕೂದಲೆಳೆಯಷ್ಟು ತಡವಾಗಿ ಸಾಲಾಗಿ ವಾಪಸು ಬರುವುದರಿಂದ ಹಾಗೆ ಕೇಳುತ್ತದೆ. ಕಟ್ಟಿದವರು ಬೇಕೆಂದೇ ಹಾಗೆ ಮಾಡಿದರೇ ಎಂಬುದು ಬೇರೆ ಮಾತು. ಈ ಸೀನಿಗೆ ನನ್ನ ತಕರಾರಿಲ್ಲ. ಹತ್ತು ಸಲ ತಟ್ಟಿದೆ.

ಎರಡನೆಯದು ಲೆಕ್ಕ. ನಾಲ್ಕು ಕಡೆ 91 ಮೆಟ್ಟಿಲು, ಒಟ್ಟು 364, ಮೇಲಿನದು ಸೇರಿ 365. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಹಗಲು ರಾತ್ರಿ ಸಮವಾಗುವ ದಿನಗಳಲ್ಲಿ ಮೆಟ್ಟಿಲ ಅಂಚಿನ ಮೇಲೆ ನೆರಳು ಹಾವಿನಂತೆ ಇಳಿಯುತ್ತದೆ. ಇದೂ ಚೆನ್ನಾಗಿದೆ. ಆದರೆ ಲೆಕ್ಕವನ್ನು ಮ್ಯಾಜಿಕ್ ಮಾಡಿ ಬಿಟ್ಟುಬಿಟ್ಟರೆ ಹೇಗೆ? ಸೊನ್ನೆಗೆ ಚಿಪ್ಪಿನ ಗುರುತು ಬರೆದು ಸ್ಥಾನಬೆಲೆಯ ಲೆಕ್ಕ ಹಾಕಿದ ಜನ, ಶುಕ್ರಗ್ರಹ 584 ದಿನಕ್ಕೊಮ್ಮೆ ಸುತ್ತು ಮುಗಿಸುವುದನ್ನು ಪುಸ್ತಕದಲ್ಲಿ ಪಟ್ಟಿ ಮಾಡಿದ ಜನ. ಆರ್ಯಭಟನ ಹೆಸರು ಕೇಳಿದರೇ ಎದೆಯುಬ್ಬಿಸುವ ನಮ್ಮಂಥವರಿಗೆ ಇಲ್ಲಿ ನಿಂತು ಕೇಳುವಂಥದ್ದು ಬೇಕಾದಷ್ಟಿತ್ತು. ವೀಕ್ಷಣಾಲಯ ಎಂದು ಕರೆಯುವ ಕಾರಾಕೋಲ್ ಎಂಬ ದುಂಡನೆಯ ಕಟ್ಟಡದ ಮುಂದೆ ನಾವು ನಿಂತದ್ದು ಎರಡೇ ನಿಮಿಷ.

ಮೂರನೆಯದು ರಕ್ತ. ಅತ್ಯಂತ ಉದ್ದದ ಸೀನು ಇದೇ. ಚೆಂಡಾಟದ ಅಂಗಳದಲ್ಲಿ 'ಗೆದ್ದವನ ತಲೆ ಕಡಿಯುತ್ತಿದ್ದರು, ಅದೇ ಗೌರವ' ಎಂದರು ನಮ್ಮವರು. ಪಕ್ಕದ ಗುಂಪಿನ ಗೈಡು 'ಸೋತವನದು' ಎನ್ನುತ್ತಿದ್ದರು. ಗೋಡೆಯ ಕೆತ್ತನೆಯಲ್ಲಿ ತಲೆ ಹೋದ ಆಟಗಾರನಿದ್ದಾನೆ, ಕತ್ತಿನಿಂದ ಚಿಮ್ಮುವ ರಕ್ತ ಹಾವುಗಳಾಗಿದೆ. ಅವನು ಗೆದ್ದವನೋ ಸೋತವನೋ ಕಲ್ಲು ಹೇಳುವುದಿಲ್ಲ. ಪವಿತ್ರ ಬಾವಿಗೆ ಕನ್ಯೆಯರನ್ನು ತಳ್ಳುತ್ತಿದ್ದರು ಎಂಬುದು ಮುಂದಿನ ಕಥೆ. ಬಲಿ ಕೊಡುತ್ತಿದ್ದುದು ನಿಜ, ಮುಚ್ಚಿಡುವ ಅಗತ್ಯವೂ ಇಲ್ಲ. ಆದರೆ ಬಾವಿಯಿಂದ ಎತ್ತಿದ ಮೂಳೆಗಳಲ್ಲಿ ಗಂಡಸರದೂ ಮಕ್ಕಳದೂ ಇವೆ. ಬಾವಿಯ ಹತ್ತಿರದ ಇನ್ನೊಂದು ನೆಲಗುಂಡಿಯಲ್ಲಿ ಸಿಕ್ಕ 64 ಮಕ್ಕಳ ಡಿಎನ್‌ಎ ಅಧ್ಯಯನ 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅಷ್ಟೂ ಗಂಡುಮಕ್ಕಳು. ಎರಡು ಜೋಡಿ ತದ್ರೂಪಿ ಅವಳಿಗಳೂ ಇದ್ದವು. ಅದೇ ಅಧ್ಯಯನ ಇನ್ನೊಂದು ವಿಷಯ ಹೇಳುತ್ತದೆ: ಆ ಮಕ್ಕಳ ವಂಶದ ಎಳೆ ಅದೇ ಪ್ರದೇಶದ ಇವತ್ತಿನ ಹಳ್ಳಿಯೊಂದರ ಮಾಯಾ ಜನರಲ್ಲಿ ಮುಂದುವರಿದಿದೆ.

ಈ ಕೊನೆಯ ಸಾಲು ನಾಲ್ಕನೆಯ ಸೀನನ್ನು ಹಾಳು ಮಾಡುತ್ತದೆ. ಯಾಕೆಂದರೆ ನಾಲ್ಕನೆಯದು ರಹಸ್ಯ. ನಮ್ಮ ಗೈಡು ದನಿ ತಗ್ಗಿಸಿ ಹೇಳಿದರು: 'ಇಷ್ಟೆಲ್ಲ ಕಟ್ಟಿದ ಮಾಯಾ ಜನ ಒಂದು ದಿನ ಕಣ್ಮರೆಯಾದರು. ಎಲ್ಲಿಗೆ ಹೋದರು, ಇವತ್ತಿಗೂ ಯಾರಿಗೂ ಗೊತ್ತಿಲ್ಲ.'

ಆಗ ತಂಗಿ ಕೇಳಿಬಿಟ್ಟಳು: 'ಬೆಳಗ್ಗೆ ಫೋನಲ್ಲಿ ನೀವು ಮಾತಾಡಿದ್ದು ಯಾವ ಭಾಷೆ?'

ಅವರು ಒಂದು ಕ್ಷಣ ಸುಮ್ಮನಿದ್ದು, ನಕ್ಕು, 'ಮಾಯಾ. ನಮ್ಮಮ್ಮನ ಹತ್ತಿರ ಬೇರೆ ಭಾಷೆ ನಡೆಯಲ್ಲ' ಅಂದರು.

ಇಡೀ ದಿನದ ಪ್ರವಾಸ ನನ್ನ ಪಾಲಿಗೆ ಅಲ್ಲಿಂದ ಶುರುವಾಯಿತು. ಬಾವಿಯ ಕಡೆ ಹೋಗುವ ಹಳೆಯ ದಾರಿಯಲ್ಲಿ ನಡೆಯುತ್ತಾ ಅವರು ಬೇರೆಯೇ ಮನುಷ್ಯರಾದರು. ಈ ದಾರಿಗೆ ಸಕ್ಬೆ ಅಂತಾರೆ, ಸಕ್ ಅಂದರೆ ಬಿಳಿ, ಬೆ ಅಂದರೆ ದಾರಿ. 'ನಾವು ಹೇಗಿದ್ದೀರಿ ಅಂತ ಕೇಳುವುದು ಬಿಶ್ ಅ ಬೇಲ್ ಎಂದು. ನಿಮ್ಮ ದಾರಿ ಹೇಗಿದೆ ಅಂತ ಅರ್ಥ.' ಚಿಚೆನ್ ಎಂದರೆ ಬಾವಿಯ ಬಾಯಿ. ಯುಕಾತಾನಿನ ಈ ಸುಣ್ಣದಕಲ್ಲಿನ ನೆಲದ ಮೇಲೆ ನದಿ ಹರಿಯುವುದಿಲ್ಲ, ನೀರೆಲ್ಲ ಕೆಳಗೆ. ಛಾವಣಿ ಕುಸಿದಲ್ಲಿ ಬಾವಿ, ಬಾವಿ ಇದ್ದಲ್ಲಿ ಊರು. ಅರ್ಧ ಗಂಟೆಯ ಹಿಂದೆ ಕೇಳಿದ್ದ ಪದಗಳೆಲ್ಲ ಆಗ ಜೀವ ಬಂದು ಕೂತವು.

ಕಣ್ಮರೆಯ ಕಥೆ ಎಷ್ಟು ತಪ್ಪು ಅಂತ ನೋಡಿ. ಒಂಬತ್ತನೆಯ ಶತಮಾನದಲ್ಲಿ ಪಾಳುಬಿದ್ದದ್ದು ತಿಕಾಲ್, ಪಾಲೆಂಕೆಯಂಥ ದಕ್ಷಿಣದ ನಗರಗಳು. ಚಿಚೆನ್ ಇಟ್ಸಾ ದೊಡ್ಡದಾಗಿ ಬೆಳೆದದ್ದೇ ಅವು ಬೀಳುತ್ತಿದ್ದ ಕಾಲದಲ್ಲಿ ಮತ್ತು ಅದರ ನಂತರ. ಸ್ಪೇನಿನವರು ಬಂದ ಮೇಲೂ ಕೊನೆಯ ಮಾಯಾ ರಾಜಧಾನಿ ನೊಹ್ಪೆತೆನ್ ಸೋತದ್ದು 1697ರಲ್ಲಿ. 1562ರಲ್ಲಿ ಮನಿ ಎಂಬ ಊರಿನಲ್ಲಿ ದಿಯೇಗೊ ದೆ ಲಾಂಡಾ ಎಂಬ ಪಾದ್ರಿ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದ. ಇವತ್ತು ಉಳಿದಿರುವುದು ನಾಲ್ಕು. ಅದೇ ಲಾಂಡಾ ಆಮೇಲೆ ಬರೆದಿಟ್ಟ ಅಕ್ಷರಗಳ ಟಿಪ್ಪಣಿಯನ್ನು ಹಿಡಿದುಕೊಂಡೇ 1952ರಲ್ಲಿ ಲೆನಿನ್‌ಗ್ರಾಡಿನ ಯೂರಿ ಕ್ನೊರೊಜೊವ್ ಲಿಪಿ ಓದುವ ದಾರಿ ತೋರಿಸಿದ. 1847ರಲ್ಲಿ ಇದೇ ಯುಕಾತಾನಿನ ಮಾಯಾ ರೈತರು ಜಮೀನುದಾರರ ವಿರುದ್ಧ ದಂಗೆ ಎದ್ದರು. ಆ ಯುದ್ಧ ಐವತ್ತು ವರ್ಷ ಮೀರಿ ನಡೆಯಿತು. ಇವತ್ತಿಗೂ ಮಾಯಾ ಕುಟುಂಬದ ಸುಮಾರು 30 ಭಾಷೆಗಳಿವೆ. ಮೆಲ್ ಗಿಬ್ಸನ್ 2006ರಲ್ಲಿ 'ಅಪೋಕಲಿಪ್ಟೊ' ತೆಗೆದಾಗ ಸಂಭಾಷಣೆಯನ್ನೆಲ್ಲ ಯುಕಾತಾನಿನ ಮಾಯಾ ಭಾಷೆಯಲ್ಲೇ ಮಾಡಿಸಿದ. ಕಣ್ಮರೆಯಾದವರ ಭಾಷೆಯಲ್ಲಿ ಇಡೀ ಸಿನಿಮಾ ಹೇಗೆ ಬಂತು ಅಂತ ನಾವ್ಯಾರೂ ಯೋಚಿಸಲಿಲ್ಲ. 2012ರ ಡಿಸೆಂಬರ್ 21ಕ್ಕೆ ಪ್ರಳಯ ಅಂತ ನಮ್ಮ ಟೀವಿಗಳು ಅರಚಿಕೊಂಡಾಗಲೂ, ಆ ಕ್ಯಾಲೆಂಡರ್ ಯಾರದ್ದೋ ಅವರನ್ನೇ ಹೋಗಿ ಕೇಳೋಣ ಅಂತ ಹೊಳೆಯಲಿಲ್ಲ.

'ಹಾಗಾದ್ರೆ ಕಣ್ಮರೆಯಾದರು ಅಂತ ಯಾಕೆ ಹೇಳ್ತೀರಿ?' ಎಂದು ಕೇಳಿದೆ. ಸ್ವಲ್ಪ ಒರಟಾಗಿಯೇ ಕೇಳಿದೆನೇನೋ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. 'ಮೇಡಂ, ಬಂದವರು ಕೇಳೋದು ಎರಡೇ ಪ್ರಶ್ನೆ. ಎಷ್ಟು ಜನರನ್ನು ಕಡಿದ್ರು, ಮತ್ತೆ ಅವರೆಲ್ಲ ಎಲ್ಲಿ ಹೋದ್ರು. ಮೊದಮೊದಲು ನಾನೇ ಮಾಯಾ ಅಂತ ಹೇಳ್ತಿದ್ದೆ. ಕೆಲವರಿಗೆ ನಿರಾಸೆ ಆಗೋದು. ಯುದ್ಧ, ಜಮೀನು ಅಂತ ಶುರು ಮಾಡಿದ್ರೆ ಫೋನ್ ನೋಡ್ತಾರೆ. ಸಂಜೆ ನಕ್ಷತ್ರ ಕಮ್ಮಿ ಬೀಳುತ್ತೆ.'

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಟ್ಟ ಸ್ಕ್ರಿಪ್ಟು ಅಂತ ಇಷ್ಟು ಹೊತ್ತು ಬೈಯುತ್ತಿದ್ದೆನಲ್ಲ, ಅದನ್ನು ಬರೆದದ್ದು ನಮ್ಮಂಥವರ ರೇಟಿಂಗು. ಅಪ್ರೈಸಲ್ ಬಂದಾಗ ಮ್ಯಾನೇಜರಿಗೆ ಏನು ಇಷ್ಟವೋ ಅದನ್ನೇ ಸ್ಲೈಡಿನಲ್ಲಿ ಹಾಕುವ ನಾವು, ಅವರನ್ನು ಹೇಗೆ ದೂರುವುದು? ಆದರೂ ನಾವು ದುಡ್ಡು ಕೊಟ್ಟು ಒಬ್ಬ ಮನುಷ್ಯನ ಬಾಯಲ್ಲಿ 'ನಾನಿಲ್ಲ' ಎಂದು ಹೇಳಿಸಿದ್ದು ಸರಿ ಅನ್ನಿಸಲಿಲ್ಲ.

ರಜೆಗೆ ಬಂದವರಿಗೆ ಒಂದು ಮಜವಾದ ಕಥೆ ಸಾಕು, ಇದರಿಂದ ಯಾರಿಗೇನು ನಷ್ಟ ಅಂತ ನೀವು ಕೇಳಬಹುದು. ನಷ್ಟ ಇದೆ. ಸೈಟಿನ ಒಳಗೆ ದಾರಿಯುದ್ದಕ್ಕೂ ಅಂಗಡಿಗಳು. ಮರದ ಮುಖವಾಡ, ಕಸೂತಿ ಬಟ್ಟೆ, ಊದಿದರೆ ಜಾಗ್ವಾರಿನಂತೆ ಗುರ್ ಎನ್ನುವ ಸೀಟಿ. 'ಈ ವ್ಯಾಪಾರಿಗಳು ಜಾಗದ ಪಾವಿತ್ರ್ಯವನ್ನೇ ಹಾಳು ಮಾಡಿದ್ದಾರೆ' ಎಂದು ಪ್ರವಾಸಿಗಳು ಬರೆಯುತ್ತಾರೆ. ಗೇಟಿನೊಳಗೆ ಕಾಲಿಟ್ಟ ಐದು ನಿಮಿಷಕ್ಕೆ ನಾನೂ ಅದನ್ನೇ ಗೊಣಗಿದ್ದೆ. ಹಾಗೆ ಕೂತವರಲ್ಲಿ ಬಹಳಷ್ಟು ಮಂದಿ ಸುತ್ತಲಿನ ಹಳ್ಳಿಗಳ ಮಾಯಾ ಜನ. ಮಾಯಾ ಜನ ಕಣ್ಮರೆಯಾಗಿದ್ದಾರೆ ಎಂದರೆ ಇವರು ಎಲ್ಲಿಂದಲೋ ಬಂದು ತೊಂದರೆ ಕೊಡುವವರು. ಕಣ್ಮರೆಯಾಗಿಲ್ಲ ಎಂದರೆ ಇದು ಅವರ ಅಜ್ಜಂದಿರ ಅಂಗಳ. ಒಂದು ವಾಕ್ಯ ಬದಲಾದರೆ ಯಾರು ಅತಿಥಿ, ಯಾರು ಮನೆಯವರು ಎಂಬುದೇ ಬದಲಾಗುತ್ತದೆ.

ಈ ನೆಲದ ಮಾಲೀಕತ್ವದ ಕಥೆ ನೋಡಿದರೆ ಇದು ಬರೀ ಭಾವನೆಯ ಪ್ರಶ್ನೆ ಅಲ್ಲ ಅಂತ ಗೊತ್ತಾಗುತ್ತದೆ. 1894ರಲ್ಲಿ ಎಡ್ವರ್ಡ್ ಥಾಂಪ್ಸನ್ ಎಂಬ ಅಮೆರಿಕದ ಕಾನ್ಸಲ್ ಈ ಎಸ್ಟೇಟನ್ನೇ ಕೊಂಡ. ಪವಿತ್ರ ಬಾವಿಯ ಹೂಳೆತ್ತಿಸಿ ಚಿನ್ನ, ಹಸಿರು ಜೇಡ್ ಕಲ್ಲು, ಮೂಳೆಗಳನ್ನು ಹಾರ್ವರ್ಡಿನ ಪೀಬಾಡಿ ಮ್ಯೂಸಿಯಮ್ಮಿಗೆ ಕಳಿಸಿದ. ಕೆಲವಷ್ಟೇ ಮುಂದೆ ವಾಪಸು ಬಂದವು. 1988ರಲ್ಲಿ ವಿಶ್ವ ಪರಂಪರೆಯ ತಾಣವಾದಾಗಲೂ ಪಿರಮಿಡ್ಡಿನ ಕೆಳಗಿನ ಜಮೀನು ಖಾಸಗಿಯವರದೇ ಆಗಿತ್ತು. ಯುಕಾತಾನ್ ರಾಜ್ಯ ಸರ್ಕಾರ 22 ಕೋಟಿ ಪೆಸೊ ಕೊಟ್ಟು ಅದನ್ನು ಕೊಂಡದ್ದು 2010ರಲ್ಲಿ. ಇದರಲ್ಲಿ ಒಂದು ಸಾಲೂ ಆ ನಾಲ್ಕು ಸೀನುಗಳಲ್ಲಿ ಇರಲಿಲ್ಲ.

ನನಗೆ ಹಂಪಿ ನೆನಪಾಯಿತು. ವಿರೂಪಾಕ್ಷ ಬಜಾರಿನ ಕಲ್ಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದವರನ್ನು 2011ರಲ್ಲಿ ಒಕ್ಕಲೆಬ್ಬಿಸಿದಾಗ, 'ಸದ್ಯ, ಫೋಟೋ ಚೆನ್ನಾಗಿ ಬರುತ್ತೆ' ಎಂದವರಲ್ಲಿ ನಾನೂ ಒಬ್ಬಳು. ಪಾರಂಪರಿಕ ತಾಣದಲ್ಲಿ ಅಕ್ರಮ ಕಟ್ಟಡ ಇರಬಾರದು ಎಂಬ ವಾದದಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. ಆದರೆ ನಮಗೆ ಕಲ್ಲು ಬೇಕು, ಅದರ ಪಕ್ಕದಲ್ಲಿ ಬದುಕುವ ಜನ ಬೇಡ. ಸತ್ತ ಸಾಮ್ರಾಜ್ಯ ಚೆಂದ, ಬದುಕಿರುವವರು ರಗಳೆ.

ಮಧ್ಯಾಹ್ನ ಪ್ಯಾಕೇಜಿನ ಬಫೆ ಬಿಟ್ಟು ಅವರಿಗೆ ಗೊತ್ತಿದ್ದ ಪಿಸ್ತೆ ಊರಿನ ಸಣ್ಣ ಹೋಟೆಲಿಗೆ ಹೋದೆವು. ಸಸ್ಯಾಹಾರಿಗಳು ಎಂದಾಗ ಸಿಕಿಲ್ ಪಾಕ್ ತಂದಿಟ್ಟರು. ಹುರಿದ ಕುಂಬಳಬೀಜ, ಸುಟ್ಟ ಟೊಮೆಟೊ, ಮೆಣಸಿನಕಾಯಿ ಅರೆದ ಥೇಟ್ ನಮ್ಮ ಮನೆಯ ಚಟ್ನಿಯಂಥದ್ದು. ಆ ಟೊಮೆಟೊ, ಆ ಮೆಣಸಿನಕಾಯಿ ನಮ್ಮ ಅಡುಗೆಮನೆಗೆ ಬಂದದ್ದೇ ಅಮೆರಿಕ ಖಂಡದಿಂದ ಅಲ್ವಾ. ಊಟದ ಮೇಜಿನಲ್ಲಿ ಅವರು ಹೇಳಿದ್ದು ಜಾಸ್ತಿ ಶಾಲೆ, ಭಾಷೆಯ ವಿಷಯ. ಮಕ್ಕಳಿಗೆ ಮಾಯಾ ಅರ್ಥವಾಗುತ್ತದೆ, ಉತ್ತರ ಮಾತ್ರ ಸ್ಪ್ಯಾನಿಷಿನಲ್ಲಿ ಕೊಡುತ್ತಾರಂತೆ. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಕೇಳುವ ಮಾತು. ತಂಗಿ ಸುಮ್ಮನಾದಳು. ಅವಳ ಮಗನೂ ಕನ್ನಡಕ್ಕೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಾನೆ.

ಹಾಗಾದರೆ ಈ ಪ್ರೈವೇಟ್ ಟೂರು ದುಡ್ಡಿಗೆ ತಕ್ಕದ್ದೇ? ಬೆಳಗ್ಗೆ ಎಂಟರಿಂದ ಹತ್ತರವರೆಗೆ ಅಲ್ಲ. ಹತ್ತರ ನಂತರ, ಖಂಡಿತ. ಬಸ್ಸಿನಲ್ಲಿ ಐವತ್ತು ಜನರ ಮಧ್ಯೆ ಅವರ ಅಮ್ಮನ ಭಾಷೆ ಯಾವುದು ಅಂತ ಕೇಳಲಾಗುತ್ತಿರಲಿಲ್ಲ. ನಾವು ಕೊಟ್ಟ ಹೆಚ್ಚಿನ ದುಡ್ಡು ಎಸಿಗಲ್ಲ, ಪ್ರಶ್ನೆ ಕೇಳುವ ಅವಕಾಶಕ್ಕೆ. ಅದನ್ನು ಬಳಸದಿದ್ದರೆ ಬಸ್ಸೇ ಸಾಕು. ನೀವು ಹೋದರೆ ಚಪ್ಪಾಳೆ ತಟ್ಟಿ, ಮೆಟ್ಟಿಲು ಎಣಿಸಿ, ಫೋಟೋ ತೆಗೆಸಿಕೊಳ್ಳಿ. ಆಮೇಲೆ ಮೂರು ಪ್ರಶ್ನೆ ಕೇಳಿ: ನಿಮ್ಮ ಊರು ಯಾವುದು, ಮನೆಯಲ್ಲಿ ಯಾವ ಭಾಷೆ, ಈ ಜಾಗ ಮೊದಲು ಯಾರದ್ದಾಗಿತ್ತು. ಹಂಪಿಗೆ ಹೋದರೂ ಇವೇ ಮೂರು ಸಾಕು.

ಸಂಜೆ ಹೋಟೆಲಿಗೆ ಬಿಟ್ಟ ಮೇಲೆ ರೇಟಿಂಗ್ ಕೇಳುವ ಮೆಸೇಜು ಬಂತು. ಐದು ನಕ್ಷತ್ರ ಕೊಟ್ಟು ಹೀಗೆ ಬರೆದೆ: 'ನಮ್ಮ ಗೈಡ್ ಮಾಯಾ ಜನಾಂಗದವರು, ಮಾಯಾ ಭಾಷೆ ಮಾತಾಡುತ್ತಾರೆ. ಅವರನ್ನು ಅದರ ಬಗ್ಗೆ ಕೇಳಿ.' ಮುಂದೆ ಬುಕ್ ಮಾಡುವವರು ಓದಲಿ ಅಂತ.