ಹಲ್ಲು ಸರದಿ ಹೇಳುತ್ತದೆ, ವರ್ಷವನ್ನಲ್ಲ

ಮಾರುವವನು ಸುಳ್ಳಾಡಿಯಾನು, ಎತ್ತಿನ ಬಾಯಿ ಸುಳ್ಳಾಡದು: ಆದೋನಿ, ಆಲೂರು, ಎಮ್ಮಿಗನೂರು ಸೀಮೆಯಲ್ಲಿ ದನ ಕೊಳ್ಳುವವರ ನಂಬಿಕೆ ಇದು. ತುಟಿ ಸರಿಸಿ ಹಲ್ಲು ನೋಡಿದರೆ ವಯಸ್ಸು ತಿಳಿಯಿತು, ವ್ಯಾಪಾರ ಕುದುರಿತು. ನಂಬಿಕೆ ಅರ್ಧ ನಿಜ. ಉಳಿದರ್ಧಕ್ಕೆ ದಂಡ ತೆರುವವನು ರೈತ.

ದನಕ್ಕೆ ಮೇಲ್ದವಡೆಯ ಮುಂದೆ ಹಲ್ಲಿಲ್ಲ, ಕೆಳಗಷ್ಟೇ ಎಂಟು. ಹಾಲುಹಲ್ಲು ನಡುವಿನಿಂದ ಜೋಡಿಜೋಡಿಯಾಗಿ ಬಿದ್ದು ಕಾಯಂ ಹಲ್ಲು ಬರುತ್ತವೆ. ಎರಡು, ನಾಲ್ಕು, ಆರು, ಕೊನೆಗೆ ಎಂಟೂ ಬಂದು ಬಾಯಿಗೂಡುವುದು. ಈ ಸರದಿಯನ್ನು ನೆಚ್ಚಬಹುದು. ಅದಕ್ಕೆ ವರ್ಷದ ಲೆಕ್ಕ ಅಂಟಿಸಿದಾಗಲೇ ತೊಡಕು. ಮೊದಲ ಜೋಡಿ ಒಂದಕ್ಕೆ ಎರಡು ವರ್ಷದೊಳಗೇ ಬಂದರೆ ಇನ್ನೊಂದಕ್ಕೆ ಎರಡೂವರೆಯಾದೀತು. ಮಿಶ್ರತಳಿಗಿಂತ ನಾಟಿ ದನಕ್ಕೆ ಸಾಮಾನ್ಯವಾಗಿ ತಡ, ಮೇವು ಸಾಲದೆ ಬೆಳೆದ ಕರುವಿಗೆ ಇನ್ನೂ ತಡ. ಬರ ಮೇಲಿಂದ ಮೇಲೆ ಕಾಡುವ ಈ ಸೀಮೆಯಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ನಾಲ್ಕೈದು ವರ್ಷಕ್ಕೆ ಬಾಯಿಗೂಡಿದ ಮೇಲೆ ನೋಡಲು ಉಳಿಯುವುದು ಸವೆತ ಮಾತ್ರ. ಅದರಲ್ಲಿ ವಯಸ್ಸಿನಷ್ಟೇ ಮೇವಿನ ಪಾಲೂ ಇದೆ. ಮಣ್ಣು ಮೆತ್ತಿದ ಶೇಂಗಾ ಬಳ್ಳಿ ಜಗಿದ ಹಲ್ಲು ಬೇಗ ತೇಯುತ್ತದೆ. ಏಳರ ಎತ್ತು ಹತ್ತರದ್ದೆನಿಸಿಕೊಂಡು ಅಗ್ಗಕ್ಕೆ ಹೋಗುವುದು ಹೀಗೆ.

ದನದ ಹಲ್ಲೂ ಒಂದು ಗಡಿಯಾರವೇ, ಆದರೆ ಕಾಂಗರೂ ಬಾಯಲ್ಲಿರುವುದು ಅದಕ್ಕಿಂತ ದೀರ್ಘ ಓಟದ್ದು. ಅದರ ದವಡೆಹಲ್ಲುಗಳು ವರ್ಷಗಟ್ಟಲೆ ಹಿಂದಿನಿಂದ ಮುಂದಕ್ಕೆ ಸರಿಯುತ್ತ, ಸವೆದವು ಮುಂದೆ ಉದುರುತ್ತವೆ. 1960ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡಿನ ಟಿ.ಎಚ್. ಕರ್ಕ್‌ಪ್ಯಾಟ್ರಿಕ್ ಈ ಚಲನೆಯನ್ನಳೆದು ವಯಸ್ಸು ಅಂದಾಜಿಸುವ ಕ್ರಮ ರೂಪಿಸಿದರು. ಅಲ್ಲೂ ಒಂದು ಜಾತಿಯ ಲೆಕ್ಕ ಇನ್ನೊಂದಕ್ಕೆ ನೇರವಾಗಿ ಹೊಂದದು, ಸಿಗುವುದೂ ಅಂದಾಜೇ. ನಾವೋ ಐದಕ್ಕೇ ನಿಲ್ಲುವ ಗಡಿಯಾರದಲ್ಲಿ ಹತ್ತನ್ನು ಓದುತ್ತೇವೆ.

ಪಳಗಿದ ದಲ್ಲಾಳಿಯ ಕಣ್ಣು ತಪ್ಪುವುದಿಲ್ಲವಲ್ಲ ಎನ್ನಬಹುದು. ಆದರೆ ಆ ಕಣ್ಣು ಹಲ್ಲನ್ನಷ್ಟೇ ನೋಡುವುದಿಲ್ಲ. ನಡಿಗೆ, ಗೊರಸು, ಕೊಂಬು, ಹೆಗಲು ಎಲ್ಲವನ್ನೂ ತೂಗಿ ಕೊನೆಗೆ ಹಲ್ಲಿನ ಹೆಸರು ಹೇಳುತ್ತದೆ.

ಹಲ್ಲನ್ನು ಸರಿಯಾಗಿ ಬಳಸುವ ಜಾಗವೂ ಈ ಭಾಗದಲ್ಲೇ ಇದೆ, ಅದು ಕಲ್ಲು ಎಳೆಯುವ ಸ್ಪರ್ಧೆಯ ಕಣ. ಅಲ್ಲಿ ಎತ್ತಿನ ಜೋಡಿಗಳನ್ನು ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು ಎಂದು ವಿಂಗಡಿಸುತ್ತಾರೆ, ವರ್ಷ ಕೇಳುವುದಿಲ್ಲ. ಎಳೆಯದನ್ನು ಬಲಿತದ್ದರೆದುರು ನಿಲ್ಲಿಸಬಾರದೆಂಬ ಉದ್ದೇಶಕ್ಕೆ ಅಷ್ಟು ಸಾಕು. ವ್ಯಾಪಾರವೂ ಇದನ್ನು ಕಲಿಯಲಿ: ಬಾಯಿಗೂಡುವ ತನಕ ಹಲ್ಲೆಣಿಸಿ, ಆಮೇಲೆ ನೊಗ ಹೂಡಿ ನೋಡಿ ಬೆಲೆ ಕಟ್ಟಿ. ವರ್ಷವೇ ಬೇಕಿದ್ದರೆ ಕರು ಹಾಕಿದ ದಿನವನ್ನೇ ಬರೆದಿಡಬೇಕು.