ಬೂಟು ಬಿಚ್ಚದ ಹಂಸ

ಲಿಲ್ ಬಕ್ ಎಂಬ ಹೆಸರಲ್ಲಿ ಕುಣಿಯುವ ಚಾರ್ಲ್ಸ್ ರೈಲಿಯನ್ನು ಮೆಚ್ಚುವವರ ಬಾಯಲ್ಲಿ ಬೇಗ ಬರುವ ಮಾತೊಂದಿದೆ: ಬೀದಿಯ ಪ್ರತಿಭೆಗೆ ಬ್ಯಾಲೆ ಸಂಸ್ಕಾರ ಕೊಟ್ಟಿತು ಅಂತ. ಈ 'ಸಂಸ್ಕಾರ' ಅನ್ನೋ ಪದ ಕೇಳಿದರೆ ನನಗೆ ಮೈ ಉರಿಯುತ್ತದೆ. ನಮ್ಮ ತಮಟೆ ಬಗ್ಗೆ, ನಮ್ಮ ಮಾತಿನ ಬಗ್ಗೆ, ಕಡೆಗೆ ನಮ್ಮ ಕವಿತೆ ಬಗ್ಗೆಯೂ ಆಡಿದ ಮಾತೇ ಇದು. ಕಸುವಿದೆ, ಕುಸುರಿ ಇಲ್ಲ!

ಆತ ಬೆಳೆದ ಊರು ಅಮೆರಿಕದ ಮೆಂಫಿಸ್. 1968ರ ಫೆಬ್ರವರಿಯಲ್ಲಿ ಅಲ್ಲಿ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬಿಬ್ಬರು ಪೌರಕಾರ್ಮಿಕರು ಕಸದ ಲಾರಿಯ ಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಪ್ಪು ಕಾರ್ಮಿಕರು ಕೆಲಸ ನಿಲ್ಲಿಸಿ, ತಾವೂ ಮನುಷ್ಯರೆಂದು ಸಾರುವ ಫಲಕ ಹಿಡಿದು ನಡೆದರು. ಅವರ ಬೆಂಬಲಕ್ಕೆ ಬಂದ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲೇ ಗುಂಡಿಗೆ ಬಲಿಯಾದರು. ಮ್ಯಾನ್‌ಹೋಲಿಗೆ ಇಳಿದು ಸತ್ತವರ ಕೇರಿಗಳಿಗೆ ಈ ಊರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಊರಿನ ಕಪ್ಪು ಹುಡುಗರು 1980ರ ದಶಕದಲ್ಲಿ ಸ್ಥಳೀಯ ರ‍್ಯಾಪ್‌ಗೆ ಹಾಕಿದ ಹೆಜ್ಜೆ 'ಗ್ಯಾಂಗ್‌ಸ್ಟಾ ವಾಕ್'. ಅದು ಬೆಳೆದು 'ಜೂಕಿನ್' ಆಯಿತು. ನೆಲಕ್ಕೆ ಎಣ್ಣೆ ಸುರಿದಂತೆ ಜಾರುವುದು, ಕಣಕಾಲನ್ನು ಮುರಿದೇ ಹೋಯಿತೇನೋ ಅನ್ನುವಷ್ಟು ತಿರುಚುವುದು, ರಬ್ಬರ್ ಅಟ್ಟೆಯ ಬೂಟಿನ ತುದಿಯ ಮೇಲೆ ಇಡೀ ಮೈಭಾರ ಹೊತ್ತು ನಿಲ್ಲುವುದು. ಇದಕ್ಕೆ ಅಭ್ಯಾಸ ಬೇಡವೇ? ಗುರುಪರಂಪರೆಯ ಪಟ್ಟಿ ಇಲ್ಲದಿದ್ದರೆ ವಿದ್ಯೆಯೇ ಅಲ್ಲವೇ?

ಮೆಂಫಿಸ್ಸಿನ ನ್ಯೂ ಬ್ಯಾಲೆ ಎನ್ಸೆಂಬಲ್‌ನಲ್ಲಿ ವಿದ್ಯಾರ್ಥಿವೇತನದ ಮೇಲೆ ಬ್ಯಾಲೆ ಕಲಿತದ್ದರಿಂದ ಆತನಿಗೆ ಲಾಭವಾಗಿದೆ. ಮೈಯ ಬಾಗು, ಕಾಲಿನ ಕಸುವು ಹೆಚ್ಚಿತು, ತುದಿಗಾಲಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಸಾಧ್ಯವಾಯಿತು. ಇದನ್ನು ಅಲ್ಲಗಳೆಯುವ ಹಟ ನನಗಿಲ್ಲ. ಆದರೆ ಆತ ಕಲಿಯಲು ಹೋದದ್ದು ಹದಿನಾಲ್ಕನೇ ಲೂಯಿ 1661ರಲ್ಲಿ ನೃತ್ಯ ಅಕಾಡೆಮಿ ಸ್ಥಾಪಿಸಿದ ಕಾಲದಿಂದ ಅರಮನೆಯ ನಡೆನುಡಿಯನ್ನೇ ಹೊತ್ತು ಬಂದ ಕಲೆಯನ್ನು. ಕಲಿತ ಮೇಲೂ ಬೂಟು ಬಿಚ್ಚಲಿಲ್ಲ ನೋಡಿ, ಅದು ನನಗೆ ಮುಖ್ಯ.

ಬ್ಯಾಲೆ ಹೆಂಗಸರು ತೊಡುವ ತಿಳಿಗುಲಾಬಿ ಸ್ಯಾಟಿನ್ ಬೂಟು ಬಿಳಿ ಚರ್ಮಕ್ಕೆ ಹೊಂದಲೆಂದು ಬಂದದ್ದು. ಕಪ್ಪು ನರ್ತಕಿಯರು ಅದಕ್ಕೆ ತಮ್ಮ ಮೈಬಣ್ಣ ಬಳಿದುಕೊಳ್ಳಬೇಕಿತ್ತು. ಕಿಂಗ್ ಹತ್ಯೆಯ ಮರುವರ್ಷ, 1969ರಲ್ಲಿ, ಆರ್ಥರ್ ಮಿಚೆಲ್ ಹಾರ್ಲೆಮ್ಮಿನಲ್ಲಿ ಕಪ್ಪು ಜನರ ಬ್ಯಾಲೆ ತಂಡ ಕಟ್ಟಿದರು. ಆದರೂ ಲಂಡನ್ನಿನ ಫ್ರೀಡ್ ಕಂಪನಿ ಕಂದುಬಣ್ಣದ ಬೂಟು ಮಾರಾಟಕ್ಕೆ ತಂದದ್ದು 2018ರಲ್ಲಿ. ಚಪ್ಪಲಿ ಹೊಲಿದೂ ಮೇಲುಕೇರಿ ದಾಟುವಾಗ ಅದನ್ನೇ ಕೈಯಲ್ಲಿ ಹಿಡಿದು ನಡೆದವರ ಮಕ್ಕಳಿಗೆ ಈ ಕತೆ ಹೊಸದಲ್ಲ.

ಇನ್ನು 'ಸಾಯುತ್ತಿರುವ ಹಂಸ'. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಫೋಕಿನ್ ಅದನ್ನು ಅನ್ನಾ ಪಾವ್ಲೋವಾಗಾಗಿ ಹೆಣೆದದ್ದು, ಸಂಗೀತ ಸಾಂ-ಸಾನ್ಸನದು. ಪಾವ್ಲೋವಾ ತುದಿಗಾಲಿನ ಪುಟ್ಟಪುಟ್ಟ ಹೆಜ್ಜೆಗಳಿಂದ ತೇಲಿದ್ದಳು. 2011ರಲ್ಲಿ ಯೋ-ಯೋ ಮಾ ಚೆಲ್ಲೊ ನುಡಿಸಿದಾಗ ಲಿಲ್ ಬಕ್ ಆ ತೇಲುವಿಕೆಯನ್ನು ಜೂಕಿನ್ನಿನ ಜಾರುಹೆಜ್ಜೆಯಲ್ಲೇ ತಂದ. ತೋಳಿನಲ್ಲಿ ಅಲೆ ಎದ್ದಿತು, ಕಣಕಾಲು ಹೊರಳಿತು. ಸ್ಪೈಕ್ ಜೋನ್ಜ್ ಚಿತ್ರೀಕರಿಸಿದ ಆ ಕೆಲವೇ ನಿಮಿಷ ಜಗತ್ತೆಲ್ಲ ಸುತ್ತಿತು. ನಮ್ಮ ವಿಮರ್ಶಕರಾದರೆ ಇದನ್ನು ಮಾರ್ಗ-ದೇಸಿಗಳ ಸಮನ್ವಯ ಅಂದು ಕೈ ತೊಳಕೊಳ್ತಾರೆ. ಯಾರ ಅಂಗಳದಲ್ಲಿ ಈ ಸಮನ್ವಯ, ಯಾರು ಹೊಸಿಲು ದಾಟಿ ಬರಬೇಕಾಯ್ತು ಅಂತ ಕೇಳೋದಿಲ್ಲ.

ನಮ್ಮಲ್ಲಿ ಆದದ್ದೇ ಬೇರೆ. ದೇವದಾಸಿಯರ ಸದಿರ್ ಭರತನಾಟ್ಯವಾಗಿ 'ಶುದ್ಧ'ಗೊಂಡಾಗ (ರುಕ್ಮಿಣಿದೇವಿ ಕಲಾಕ್ಷೇತ್ರ ಕಟ್ಟಿದ್ದು 1936ರಲ್ಲಿ) ಕುಣಿತ ಮೇಲುಜಾತಿ ಮನೆಗಳ ಒಳಗೆ ಹೋಯಿತು, ಕುಣಿಯುತ್ತಿದ್ದವರಲ್ಲಿ ಬಹುಪಾಲು ಜನ ಹೊರಗುಳಿದರು. ಬಾಲಸರಸ್ವತಿಯಂಥವರು ಎದುರುನಿಂತು ಕುಣಿದದ್ದು ಬೇರೆ ಮಾತು. ಮೆಂಫಿಸ್ಸಿನ ಹುಡುಗ ತನ್ನ ಕುಣಿತದ ಜೊತೆಗೆ ತಾನೂ ಒಳಗೆ ಹೋದ. ಅಷ್ಟರಮಟ್ಟಿಗೆ ಇದು ಗೆಲುವೇ.

ಆದರೂ ಒಂದು ಮುಳ್ಳು ಉಳಿದಿದೆ. ಇದೇ ಜಾರುಹೆಜ್ಜೆ ಮೆಂಫಿಸ್ಸಿನ ರ‍್ಯಾಪ್‌ಗೆ ಕುಣಿದಾಗ ದೊಡ್ಡ ಸಭಾಂಗಣಗಳಿಗೆ ಕಾಣಲಿಲ್ಲ, ಚೆಲ್ಲೊ ಜೊತೆ ಕಂಡಿತು. ಈ ಚಿತ್ರವನ್ನು ನಮ್ಮ ಹುಡುಗರು ನೋಡುವಾಗ ಒಂದು ಸಲ ಶಬ್ದ ಪೂರಾ ನಿಲ್ಲಿಸಿ, ಬರೀ ಪಾದ ನೋಡಲಿ. ಬೇಕಾದರೆ ಪಕ್ಕದಲ್ಲಿ ಯಾರಾದರೂ ತಮಟೆ ಬಡೀಲಿ.